ಚಂದ್ರನ ಕಕ್ಷೆ ಬದಲಾದರೆ: ಹತ್ತಿರ ಬರುವುದಕ್ಕಿಂತ ಓರೆಯಾಗುವುದೇ ಹೆಚ್ಚು ಅಪಾಯ

ಪ್ರಶ್ನೆ: ಚಂದ್ರ ತನ್ನ ಕಕ್ಷೆಯಿಂದ ಕೆಲವೇ ಕಿಲೋಮೀಟರ್ ಸರಿದರೂ ಭೂಮಿಯ ಮೇಲೆ ಜೀವ ಉಳಿಯುವುದಿಲ್ಲ ಎಂದು ಒಂದು ವಿಡಿಯೊದಲ್ಲಿ ಹೇಳಿದರು. ನಿಜವೇ? ಚಂದ್ರ ಹತ್ತಿರ ಬಂದರೆ, ದೂರ ಹೋದರೆ, ಇಲ್ಲವೇ ಅವನ ಕಕ್ಷೆ ಓರೆಯಾದರೆ ಸಮುದ್ರ, ದಿನದ ಅವಧಿ, ಗ್ರಹಣ, ಋತುಗಳ ಮೇಲೆ ಏನೇನು ಪರಿಣಾಮವಾಗುತ್ತದೆ?

ಉತ್ತರ: ಕೆಲವು ಕಿಲೋಮೀಟರಿನ ಮಾತು ಹಾಗಿರಲಿ, ಚಂದ್ರ ಪ್ರತಿ ತಿಂಗಳೂ ನಲವತ್ತು ಸಾವಿರ ಕಿಲೋಮೀಟರಿಗಿಂತ ಹೆಚ್ಚು ಹತ್ತಿರ ಬಂದು ಮತ್ತೆ ದೂರ ಹೋಗುತ್ತಾನೆ. ಅವನ ಕಕ್ಷೆ ದೀರ್ಘವೃತ್ತ. ಸರಾಸರಿ ದೂರ 3,84,400 ಕಿ.ಮೀ. ಇದ್ದರೂ ಹತ್ತಿರದ ತುದಿ ಸುಮಾರು 3,63,300 ಕಿ.ಮೀ.ಗೆ, ದೂರದ ತುದಿ ಸುಮಾರು 4,05,500 ಕಿ.ಮೀ.ಗೆ ಬರುತ್ತದೆ. ಸೂರ್ಯನ ಸೆಳೆತದಿಂದ ಈ ತುದಿಗಳೂ ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ. 1912ರ ಜನವರಿ 4ರಂದು ಚಂದ್ರ 3,56,375 ಕಿ.ಮೀ.ವರೆಗೆ, 2016ರ ನವೆಂಬರ್ 14ರಂದು 3,56,509 ಕಿ.ಮೀ.ವರೆಗೆ ಬಂದಿದ್ದ. ಎರಡು ಸಲವೂ ಭೂಮಿ ಎಂದಿನಂತೆಯೇ ಇತ್ತು. ವಿಡಿಯೊದ ಆ ಹೇಳಿಕೆಯನ್ನು ಮರೆತುಬಿಡಿ.

ನಿಮ್ಮ ಎರಡನೇ ಪ್ರಶ್ನೆ ಮಾತ್ರ ಗಟ್ಟಿ. ‘ಕಕ್ಷೆ ಬದಲಾದರೆ’ ಎಂದಷ್ಟೇ ಹೇಳಿದರೆ ಉತ್ತರ ಕೊಡಲು ಬರುವುದಿಲ್ಲ. ಯಾವುದು ಬದಲಾಯಿತು ಎಂದು ಮೊದಲು ಕೇಳಬೇಕು: ಸರಾಸರಿ ದೂರವೇ, ದೀರ್ಘವೃತ್ತದ ಉದ್ದನೆಯತನವೇ (ಇದನ್ನು ಉತ್ಕೇಂದ್ರತೆ ಎನ್ನುತ್ತಾರೆ, ಈಗ ಅದು 0.055), ಭೂಮಿಯ ಕಕ್ಷಾತಲಕ್ಕೂ (ಕಕ್ಷೆ ಹರಡಿಕೊಂಡಿರುವ ಸಮತಲ) ಚಂದ್ರನ ಕಕ್ಷಾತಲಕ್ಕೂ ನಡುವೆ ಇರುವ 5.14 ಡಿಗ್ರಿ ಓರೆಯೇ, ಸುತ್ತುವ ದಿಕ್ಕೇ? ಬದಲಾವಣೆ ರಾತ್ರೋರಾತ್ರಿ ಆಯಿತೇ, ಕೋಟಿಗಟ್ಟಲೆ ವರ್ಷಗಳಲ್ಲಿ ಆಯಿತೇ ಎಂಬುದೂ ಅಷ್ಟೇ ಮುಖ್ಯ. ಸಾಮಾನ್ಯವಾಗಿ ಎಲ್ಲರೂ ಹೆದರುವುದು ದೂರದ ಬಗ್ಗೆ. ನನ್ನನ್ನು ಕೇಳಿದರೆ ಹೆದರಬೇಕಾದದ್ದು ಓರೆಯ ಬಗ್ಗೆ. ಯಾಕೆ ಎಂಬುದಕ್ಕೆ ಮುಂದೆ ಬರುತ್ತೇನೆ, ಮೊದಲು ದೂರದ ಲೆಕ್ಕ ಮುಗಿಸೋಣ.

ಹತ್ತಿರ ಬಂದರೆ

ಗುರುತ್ವಾಕರ್ಷಣೆ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ ಎಂದು ಶಾಲೆಯಲ್ಲಿ ಓದಿರುತ್ತೀರಿ. ಉಬ್ಬರವಿಳಿತದ ಬಲ ಇಳಿಯುವುದು ದೂರದ ಘನಕ್ಕೆ ತಕ್ಕಂತೆ. ಕಾರಣ ಇಷ್ಟೇ: ಭೂಮಿಯ ಚಂದ್ರನತ್ತಲಿನ ಮುಖದ ಮೇಲಿನ ಸೆಳೆತಕ್ಕೂ ಭೂಕೇಂದ್ರದ ಮೇಲಿನ ಸೆಳೆತಕ್ಕೂ ಇರುವ ವ್ಯತ್ಯಾಸ ನೀರನ್ನು ಉಬ್ಬಿಸುತ್ತದೆ, ಒಟ್ಟು ಸೆಳೆತವಲ್ಲ. ಆದ್ದರಿಂದ ಲೆಕ್ಕ ಸುಲಭ. ಹಳೆಯ ದೂರವನ್ನು ಹೊಸ ದೂರದಿಂದ ಭಾಗಿಸಿ, ಬಂದದ್ದರ ಘನ ತೆಗೆಯಿರಿ, ಅಂದರೆ ಅದೇ ಸಂಖ್ಯೆಯನ್ನು ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿ. ಸುತ್ತುವ ಅವಧಿ ಬೇಕಿದ್ದರೆ ಕೆಪ್ಲರನ ಮೂರನೇ ನಿಯಮ: ಅವಧಿಯ ವರ್ಗ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ.

ಚಂದ್ರ ಶೇಕಡಾ 1ರಷ್ಟು, ಅಂದರೆ 3,844 ಕಿ.ಮೀ. ಹತ್ತಿರ ಬಂದ ಎನ್ನೋಣ. ಉಬ್ಬರದ ಬಲ ಶೇ. 3ರಷ್ಟು ಏರುತ್ತದೆ, ಸುತ್ತುವ ಅವಧಿ 27.32 ದಿನದಿಂದ 26.91 ದಿನಕ್ಕೆ ಇಳಿಯುತ್ತದೆ. ಸಮುದ್ರದ ದಡದಲ್ಲಿ ನಿಂತವರಿಗೆ ಗೊತ್ತೇ ಆಗದು, ಏಕೆಂದರೆ ಈಗಿನ ಕಕ್ಷೆಯಲ್ಲೇ ಹತ್ತಿರದ ತುದಿಗೂ ದೂರದ ತುದಿಗೂ ನಡುವೆ ಈ ಬಲ ಸುಮಾರು ಶೇ. 39ರಷ್ಟು ಏರಿಳಿಯುತ್ತದೆ. ಶೇ. 10ರಷ್ಟು ಹತ್ತಿರ ಬಂದರೆ ಸರಾಸರಿ ಬಲ ಶೇ. 37ರಷ್ಟು ಹೆಚ್ಚುತ್ತದೆ. ಇಂದು ಹತ್ತಿರದ ತುದಿಯಲ್ಲಿ ಸಿಗುವ ಹೆಚ್ಚಳ ಸರಾಸರಿಗಿಂತ ಶೇ. 18ರಷ್ಟು, ಅದರ ಎರಡು ಪಟ್ಟು ಪ್ರತಿದಿನದ ಮಾತಾಗುತ್ತದೆ. ತಗ್ಗಿನ ಕರಾವಳಿಯ ರಸ್ತೆ, ಚರಂಡಿ, ಬಾವಿಗಳಿಗೆ ಉಪ್ಪುನೀರು ನುಗ್ಗುವುದು ಮಾಮೂಲಾಗುತ್ತದೆ, ಬಂದರುಗಳಲ್ಲಿ ಧಕ್ಕೆಗಳ ಎತ್ತರವನ್ನೂ ಹಡಗಿನ ದಾರಿಯ ಆಳವನ್ನೂ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ. ಖರ್ಚಿನ ತಲೆನೋವು ಹೌದು, ಪ್ರಳಯ ಅಲ್ಲ.

ಅರ್ಧ ದೂರಕ್ಕೆ, ಅಂದರೆ 1,92,200 ಕಿ.ಮೀ.ಗೆ ಬಂದರೆ ಕಥೆಯೇ ಬೇರೆ. ಉಬ್ಬರದ ಬಲ 8 ಪಟ್ಟು. ಚಂದ್ರ 9.66 ದಿನಕ್ಕೆ ಒಂದು ಸುತ್ತು ಮುಗಿಸುತ್ತಾನೆ, ಹುಣ್ಣಿಮೆಯಿಂದ ಹುಣ್ಣಿಮೆಗೆ ಹತ್ತಿರಹತ್ತಿರ 10 ದಿನ. ಆಕಾಶದಲ್ಲಿ ಅವನ ಅಗಲ ಎರಡು ಪಟ್ಟಾಗಿ, ಬೆಳದಿಂಗಳು ನಾಲ್ಕು ಪಟ್ಟಾಗುತ್ತದೆ. ಆಳ ಸಾಗರದ ನಡುವೆ ಚಂದ್ರನೊಬ್ಬನೇ ಎಬ್ಬಿಸಬಲ್ಲ ಏರಿಳಿತ ಸಿದ್ಧಾಂತದ ಪ್ರಕಾರ ಈಗ ಸುಮಾರು 54 ಸೆಂ.ಮೀ., ಅದು ನಾಲ್ಕು ಮೀಟರ್ ದಾಟುತ್ತದೆ.

ಇಲ್ಲಿ ಬಹಳ ಲೇಖನಗಳು ಎಡವುತ್ತವೆ. ‘ಈಗ 2 ಮೀಟರ್ ಏರುವ ಕಡೆ 16 ಮೀಟರ್ ಏರುತ್ತದೆ’ ಎಂದು ನೇರವಾಗಿ ಎಂಟರಿಂದ ಗುಣಿಸಿಬಿಡುತ್ತಾರೆ. ದಡದ ಉಬ್ಬರ ಹಾಗೆ ನಡೆಯುವುದಿಲ್ಲ. ಕೆನಡಾದ ಬೇ ಆಫ್ ಫಂಡಿಯಲ್ಲಿ ನೀರು 16 ಮೀಟರಿನಷ್ಟು ಏರಿಳಿಯುವುದು ಅಲ್ಲಿ ಚಂದ್ರನ ಬಲ ಹೆಚ್ಚಿರುವುದರಿಂದಲ್ಲ. ಆ ಕೊಲ್ಲಿಯ ಉದ್ದ ಮತ್ತು ಆಳಕ್ಕೆ ತಕ್ಕಂತೆ ಅದರ ನೀರು ತಾನಾಗಿ ಹೊಯ್ದಾಡುವ ಅವಧಿ ಸುಮಾರು 13 ಗಂಟೆ, ಚಂದ್ರ ತಳ್ಳುವ ಅವಧಿ 12 ಗಂಟೆ 25 ನಿಮಿಷ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದಂತೆ ಇದು, ಚಿಕ್ಕ ತಳ್ಳಿಗೂ ದೊಡ್ಡ ತೂಗು. ಚಂದ್ರ ಅರ್ಧ ದೂರಕ್ಕೆ ಬಂದಾಗ ಅವನು ಆಕಾಶದಲ್ಲಿ ಬೇಗ ಬೇಗ ಪೂರ್ವಕ್ಕೆ ಸರಿಯುವುದರಿಂದ ಎರಡು ಉಬ್ಬರಗಳ ನಡುವಿನ ಅಂತರ 13 ಗಂಟೆ 20 ನಿಮಿಷದಷ್ಟಾಗುತ್ತದೆ. ಫಂಡಿಯ ಲಯಕ್ಕೆ ಅದು ಇನ್ನೂ ಹತ್ತಿರ. ಈಗ ಬೇರೆ ಲಯದಲ್ಲಿರುವ ಎಷ್ಟೋ ಕೊಲ್ಲಿಗಳು ಹೊಸದಾಗಿ ಅನುರಣಿಸಬಹುದು (ಚಂದ್ರನ ಲಯಕ್ಕೆ ಕೂಡಿಬಂದು ದೊಡ್ಡದಾಗಿ ತೂಗಬಹುದು), ಈಗ ಅನುರಣಿಸುತ್ತಿರುವ ಕೆಲವು ತಣ್ಣಗಾಗಬಹುದು. ಇದರ ಜೊತೆಗೆ ತಳದ ಘರ್ಷಣೆ ನೀರಿನ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬಲ ಎಂಟು ಪಟ್ಟಾದರೆ ಆಳವಿಲ್ಲದ ಕೊಲ್ಲಿಗಳಲ್ಲಿ ಏರಿಳಿತ ಎಂಟು ಪಟ್ಟಿಗಿಂತ ಸಾಕಷ್ಟು ಕಡಿಮೆಯೇ ಇರುತ್ತದೆ. ಆದ್ದರಿಂದ ಪ್ರತಿ ಕರಾವಳಿಗೂ ಬೇರೆಯೇ ಲೆಕ್ಕ ಬೇಕು.

ಹಾಗಿದ್ದರೂ ಕರಾವಳಿಯ ಬದುಕು ಈಗಿನಂತೆ ಉಳಿಯದು ಎಂಬುದು ಖಚಿತ. ನದೀಮುಖಗಳಲ್ಲಿ ಉಪ್ಪುನೀರು ಬಹು ದೂರ ಒಳಗೆ ನುಗ್ಗುತ್ತದೆ, ಉಬ್ಬರದ ಹರಿವು ತಳದ ಮರಳನ್ನೂ ಕೆಸರನ್ನೂ ಕೆತ್ತಿ ಒಯ್ಯುತ್ತದೆ. ಇನ್ನೊಂದು ವಿಚಿತ್ರ: ಅಮಾವಾಸ್ಯೆ–ಹುಣ್ಣಿಮೆಯ ದೊಡ್ಡ ಉಬ್ಬರಕ್ಕೂ ಅಷ್ಟಮಿಯ ಸಣ್ಣ ಉಬ್ಬರಕ್ಕೂ ಇರುವ ಅಂತರ ಬಹುಪಾಲು ಅಳಿಸಿಹೋಗುತ್ತದೆ. ಈಗ ಸೂರ್ಯನ ಉಬ್ಬರದ ಬಲ ಚಂದ್ರನದರ ಶೇ. 46ರಷ್ಟಿದೆ. ಚಂದ್ರನ ಬಲ 8 ಪಟ್ಟಾದಾಗ ಸೂರ್ಯನ ಪಾಲು ಶೇ. 6ಕ್ಕಿಂತ ಕೆಳಗಿಳಿಯುತ್ತದೆ, ಅವನು ಕೂಡಿದರೂ ಕಳೆದರೂ ವ್ಯತ್ಯಾಸ ಕಾಣದು. ಹುಣ್ಣಿಮೆಯ ದೊಡ್ಡ ಉಬ್ಬರ ನೋಡಿ ದಡಕ್ಕೆ ಬಂದು ಮೊಟ್ಟೆಯಿಡುವ ಕುದುರೆಲಾಳದ ಏಡಿ, ಹುಣ್ಣಿಮೆಯ ನಂತರದ ರಾತ್ರಿಗಳಲ್ಲಿ ಒಟ್ಟಾಗಿ ಅಂಡಾಣು ಬಿಡುವ ಹವಳಗಳು, ಇವೆಲ್ಲ ಹತ್ತು ದಿನದ ತಿಂಗಳಿಗೆ ಒಗ್ಗಬೇಕಾಗುತ್ತದೆ.

ಬದಲಾವಣೆ ಹಠಾತ್ತಾಗಿ ಆದರೆ ಇನ್ನೊಂದು ದೃಶ್ಯ ಸಿಗುತ್ತದೆ. ಚಂದ್ರ ತನ್ನ ಅಕ್ಷದ ಸುತ್ತ 27.32 ದಿನಕ್ಕೊಮ್ಮೆಯೇ ತಿರುಗುತ್ತಿರುತ್ತಾನೆ, ಆದರೆ ಭೂಮಿಯನ್ನು 9.66 ದಿನಕ್ಕೆ ಸುತ್ತುತ್ತಾನೆ. ಎರಡು ಲಯ ತಪ್ಪಿದಾಗ ನಮಗೆ ಎಂದೂ ಕಾಣದ ಅವನ ಹಿಂಬದಿ ಭೂಮಿಯಿಂದಲೇ ಕಾಣುತ್ತದೆ. ನಿಧಾನವಾಗಿ ಹತ್ತಿರ ಬಂದರೆ ಹೀಗಾಗದು, ಭೂಮಿಯ ಸೆಳೆತ ಅವನ ತಿರುಗುವಿಕೆಯನ್ನು ಕಕ್ಷೆಯ ಜೊತೆಗೇ ಹೊಂದಿಸಿಕೊಂಡು ಬರುತ್ತದೆ.

ಎಷ್ಟು ಹತ್ತಿರ ಬರಬಹುದು ಎಂಬುದಕ್ಕೊಂದು ಗಡಿ ಇದೆ. ಭೂಕೇಂದ್ರದಿಂದ ಸುಮಾರು 18,400 ಕಿ.ಮೀ. ಒಳಗೆ ಬಂದ ಸಡಿಲ ಕಾಯ ಭೂಮಿಯ ಉಬ್ಬರದ ಬಲಕ್ಕೆ ಸಿಕ್ಕಿ ಚೂರಾಗುತ್ತದೆ. ಇದಕ್ಕೆ ರೋಶ್ ಮಿತಿ ಎಂದು ಹೆಸರು. ಗಟ್ಟಿ ಬಂಡೆಯ ಕಾಯ ಸುಮಾರು 9,500 ಕಿ.ಮೀ.ವರೆಗೂ ತಡೆದೀತು. ಚಂದ್ರನಷ್ಟು ದೊಡ್ಡ ಕಾಯವನ್ನು ಹಿಡಿದಿಟ್ಟಿರುವುದು ಬಂಡೆಯ ಗಟ್ಟಿತನಕ್ಕಿಂತ ಅದರ ಸ್ವಂತ ಗುರುತ್ವವೇ, ಹಾಗಾಗಿ ಮೊದಲ ಸಂಖ್ಯೆಯೇ ಹೆಚ್ಚು ಅನ್ವಯ.

ಈ ನಡುವೆ 42,000 ಕಿ.ಮೀ. ಚಿಲ್ಲರೆಯ ದೂರದಲ್ಲಿ ಒಂದು ಸೋಜಿಗದ ಜಾಗ ಇದೆ. ಅಲ್ಲಿ ಸುತ್ತುವ ಅವಧಿಯೂ ಭೂಮಿ ತಿರುಗುವ ಅವಧಿಯೂ ಒಂದೇ. ಭೂಮಧ್ಯರೇಖೆಯ ಮೇಲಿನ ವೃತ್ತಾಕಾರದ ಕಕ್ಷೆಯಲ್ಲಿ ಚಂದ್ರ ಅಲ್ಲಿದ್ದರೆ ಉಬ್ಬರದ ಬಲ ಈಗಿನ 750 ಪಟ್ಟು, ಆದರೆ ನೀರಿನ ಗುಡ್ಡ ಒಂದೇ ಕಡೆ ನಿಂತಿರುತ್ತದೆ. ಕೆಲವು ದೇಶಗಳು ಶಾಶ್ವತವಾಗಿ ನೂರಾರು ಮೀಟರ್ ನೀರಿನಡಿ, ಕೆಲವು ಶಾಶ್ವತವಾಗಿ ಒಣಗಿರುತ್ತವೆ. ದಿನನಿತ್ಯ ಏರಿಳಿಯುವುದು ಸೂರ್ಯನ ಪಾಲಿನದು ಮಾತ್ರ.

ದೂರ ಹೋದರೆ

ದೂರ ದುಪ್ಪಟ್ಟಾದರೆ ಚಂದ್ರನ ಉಬ್ಬರದ ಬಲ ಎಂಟರಲ್ಲೊಂದು. ಆಗ ಸಮುದ್ರದ ಯಜಮಾನ ಸೂರ್ಯ. ಅಮಾವಾಸ್ಯೆ–ಹುಣ್ಣಿಮೆಯ ದೊಡ್ಡ ಉಬ್ಬರ ಈಗಿನದರ ಶೇ. 40ಕ್ಕೆ ಕುಸಿಯುತ್ತದೆ. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದು ನಿಂತು, ಪ್ರತಿದಿನವೂ ಬಹುತೇಕ ಅದೇ ಗಂಟೆಗೆ ಬರುತ್ತದೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 98 ದಿನ.

ಆದರೆ ಇದು ಬರೀ ಕಾಗದದ ಲೆಕ್ಕ. ಭೂಮಿಯ ಸೆಳೆತ ಸೂರ್ಯನದಕ್ಕಿಂತ ಮೇಲುಗೈ ಪಡೆದಿರುವ ವಲಯದ ತ್ರಿಜ್ಯ ಸುಮಾರು 15 ಲಕ್ಷ ಕಿ.ಮೀ. ಅದರೊಳಗೂ, ಚಂದ್ರ ಸುತ್ತುವ ದಿಕ್ಕಿನಲ್ಲಿಯೇ ಸುತ್ತುವ ಕಾಯಗಳಿಗೆ ದೀರ್ಘಕಾಲ ಭದ್ರವಾದ ಕಕ್ಷೆ ಸಿಗುವುದು ಸುಮಾರು ಅರ್ಧದವರೆಗೆ ಮಾತ್ರ, ಅಂದರೆ ಏಳು ಲಕ್ಷ ಚಿಲ್ಲರೆ ಕಿ.ಮೀ. ದುಪ್ಪಟ್ಟು ದೂರವೆಂದರೆ 7,68,800 ಕಿ.ಮೀ. ಅಂಚಿನಲ್ಲಿ ಕಾಲಿಟ್ಟಂತೆ. ಸೂರ್ಯ ಕ್ರಮೇಣ ಅವನನ್ನು ಕಿತ್ತುಕೊಳ್ಳುವ ಸಾಧ್ಯತೆಯೇ ಹೆಚ್ಚು.

ಉಬ್ಬರ ಕುಗ್ಗಿದರೆ ಒಳ್ಳೆಯದೇ ಅಲ್ಲವೇ ಎಂದು ಕೇಳಬಹುದು. ದಡಕ್ಕೆ ಒಳ್ಳೆಯದಿರಬಹುದು, ಆಳ ಸಮುದ್ರಕ್ಕಲ್ಲ. ಚಂದ್ರ–ಸೂರ್ಯರ ಉಬ್ಬರ ಭೂಮಿಯಲ್ಲಿ ಖರ್ಚು ಮಾಡುವ ಶಕ್ತಿ ಸುಮಾರು 3.7 ಟೆರಾವಾಟ್ (ಒಂದು ಟೆರಾವಾಟ್ ಎಂದರೆ ಒಂದು ಲಕ್ಷ ಕೋಟಿ ವಾಟ್). ಇದರಲ್ಲಿ ಸುಮಾರು 1 ಟೆರಾವಾಟ್ ಆಳ ಸಾಗರದ ತಳದ ಬೆಟ್ಟಸಾಲುಗಳ ಮೇಲೆ ಹರಿದು, ಕೆಳಗಿನ ತಣ್ಣೀರನ್ನೂ ಮೇಲಿನ ಬೆಚ್ಚನೆಯ ನೀರನ್ನೂ ಕಲಕುತ್ತದೆ. ಆಳ ಸಾಗರವನ್ನು ಕಲಕಲು ಬೇಕಾಗುವ ಒಟ್ಟು ಶಕ್ತಿ 2 ಟೆರಾವಾಟ್ ಆಸುಪಾಸು ಎಂಬ ಅಂದಾಜಿದೆ, ಉಳಿದದ್ದು ಗಾಳಿಯ ಪಾಲು. ಅರ್ಧದಷ್ಟು ಕೆಲಸ ಮಾಡುವವನು ಕೈಬಿಟ್ಟರೆ ಸಾಗರದ ಆಳದ ಪ್ರವಾಹಗಳು, ಅವು ಹೊರುವ ಶಾಖ ಮತ್ತು ಪೋಷಕಾಂಶ ಎಲ್ಲಕ್ಕೂ ಪೆಟ್ಟು. ದೂರ ಸರಿದ ಚಂದ್ರನ ನಿಜವಾದ ನಷ್ಟ ಇಲ್ಲಿದೆ.

ಇನ್ನೊಂದು ನಷ್ಟ ಭೂಮಿಯ ಅಕ್ಷದ್ದು. ಅಕ್ಷದ ವಾಲುವಿಕೆ ಈಗ 23.4 ಡಿಗ್ರಿ. 41,000 ವರ್ಷಗಳ ಆವರ್ತದಲ್ಲಿ ಅದು 22.1ರಿಂದ 24.5 ಡಿಗ್ರಿ ನಡುವೆ ಮಾತ್ರ ಆಡುತ್ತದೆ. ಅಷ್ಟು ಸಣ್ಣ ಆಟವೂ ಹಿಮಯುಗಗಳ ಲಯವನ್ನು ತಿದ್ದುತ್ತದೆ. ಅಕ್ಷ ಬುಗುರಿಯ ತುದಿಯಂತೆ ಆಕಾಶದಲ್ಲಿ ಒಂದು ಸುತ್ತು ಹಾಕಲು ಸುಮಾರು 25,800 ವರ್ಷ ಬೇಕು. ಇದೇ ಅಯನಚಲನೆ. ಈ ಚಲನೆಯ ಮೂರರಲ್ಲಿ ಎರಡು ಪಾಲು ಚಂದ್ರನದು, ಒಂದು ಪಾಲು ಸೂರ್ಯನದು. ಚಂದ್ರ ದುಪ್ಪಟ್ಟು ದೂರ ಹೋದರೆ ಈ ಸುತ್ತಿಗೆ 60,000 ವರ್ಷ ದಾಟುತ್ತದೆ. ತೊಂದರೆ ನಿಧಾನದಲ್ಲಿಲ್ಲ, ಹೊಂದಾಣಿಕೆಯಲ್ಲಿದೆ. ಉಳಿದ ಗ್ರಹಗಳ ಸೆಳೆತದಿಂದ ಭೂಮಿಯ ಕಕ್ಷಾತಲ ಕೂಡ ನಿಧಾನವಾಗಿ ಹೊಯ್ದಾಡುತ್ತಿರುತ್ತದೆ, ಆ ಹೊಯ್ದಾಟದ ವೇಗಗಳೂ ಅದೇ ವ್ಯಾಪ್ತಿಯಲ್ಲಿವೆ. ಎರಡು ವೇಗ ಒಂದಕ್ಕೊಂದು ಕೂಡಿಬಂದರೆ ಅಕ್ಷ ಲಂಗುಲಗಾಮಿಲ್ಲದೆ ವಾಲತೊಡಗುತ್ತದೆ.

1993ರಲ್ಲಿ ಫ್ರಾನ್ಸಿನ ಜಾಕ್ ಲಾಸ್ಕರ್ ಮತ್ತು ಸಂಗಡಿಗರು ಚಂದ್ರನೇ ಇಲ್ಲದಿದ್ದರೆ ಅಕ್ಷದ ವಾಲುವಿಕೆ 0ಯಿಂದ 85 ಡಿಗ್ರಿವರೆಗೂ ಅಲೆಯಬಹುದು ಎಂದು ತೋರಿಸಿದರು. ಜನಪ್ರಿಯ ಲೇಖನಗಳೆಲ್ಲ ಇಲ್ಲಿಗೇ ನಿಲ್ಲುತ್ತವೆ. 2012ರಲ್ಲಿ ಜಾಕ್ ಲಿಸ್ಸಾವರ್ ಮತ್ತು ಸಂಗಡಿಗರು ಅದೇ ಲೆಕ್ಕವನ್ನು ಮುಂದುವರಿಸಿ ನೋಡಿದಾಗ, ಕೋಟ್ಯಂತರ ವರ್ಷಗಳ ಮಟ್ಟಿಗೆ ಅಲೆದಾಟ ಅದಕ್ಕಿಂತ ಬಹಳ ಸಣ್ಣದು ಎಂದು ಕಂಡುಬಂತು. ಆದ್ದರಿಂದ ‘ಚಂದ್ರ ದೂರ ಸರಿದ ಕೂಡಲೇ ಧ್ರುವ ಪಲ್ಟಿ ಹೊಡೆಯುತ್ತದೆ’ ಎಂಬ ಮಾತಿಗೆ ಆಧಾರವಿಲ್ಲ. ಇದು ನಾಗರಿಕತೆಗಳ ಕಾಲಮಾನದ ಸಂಗತಿಯೇ ಅಲ್ಲ.

ಕಕ್ಷೆ ಹೆಚ್ಚು ಉದ್ದವಾದರೆ

ಸರಾಸರಿ ದೂರ ಹಾಗೇ ಇದ್ದು ಉತ್ಕೇಂದ್ರತೆ 0.2ಕ್ಕೆ ಏರಿತು ಎನ್ನಿ. ಹತ್ತಿರದ ತುದಿ 3,07,500 ಕಿ.ಮೀ., ದೂರದ ತುದಿ 4,61,300 ಕಿ.ಮೀ. ಒಂದೇ ತಿಂಗಳಲ್ಲಿ ಚಂದ್ರನ ಉಬ್ಬರದ ಬಲ ಮೂರು ಪಟ್ಟಿಗಿಂತ ಹೆಚ್ಚು ಏರಿಳಿಯುತ್ತದೆ. ಹತ್ತಿರದ ತುದಿಯಲ್ಲಿ ಈಗಿನ ಸರಾಸರಿಯ ಎರಡು ಪಟ್ಟಿನಷ್ಟು, ದೂರದ ತುದಿಯಲ್ಲಿ ಶೇ. 58.

ಬಂದರಿನವರಿಗೆ ಇದರ ಕಷ್ಟ ತಕ್ಷಣ ಅರ್ಥವಾಗುತ್ತದೆ. ಉಬ್ಬರದ ವೇಳಾಪಟ್ಟಿ ಎಂಬುದು ಹತ್ತಾರು ಅಲೆಗಳ ಮೊತ್ತ. ಚಂದ್ರನ ಮುಖ್ಯ ಅಲೆ 12.42 ಗಂಟೆಯದು, ಸೂರ್ಯನದು ಸರಿಯಾಗಿ 12 ಗಂಟೆಯದು, ಚಂದ್ರನ ಕಕ್ಷೆ ದೀರ್ಘವೃತ್ತವಾಗಿರುವುದರಿಂದ ಹುಟ್ಟುವ ಇನ್ನೊಂದು 12.66 ಗಂಟೆಯದು. ಈ ಮೂರನೆಯದು ಈಗ ಮುಖ್ಯ ಅಲೆಯ ಐದರಲ್ಲೊಂದು ಪಾಲಿನಷ್ಟಿದೆ. ಉತ್ಕೇಂದ್ರತೆ ಏರಿದಂತೆ ಇದು ಏರುತ್ತಾ ಹೋಗುತ್ತದೆ. ಕಕ್ಷೆಯ ಯಾವ ಅಂಶ ಬದಲಾದರೂ ಹಳೆಯ ಪಟ್ಟಿಗಳು ರದ್ದಿ. ಹೊಸ ಪಟ್ಟಿಗೆ ಪ್ರತಿ ಬಂದರಿನಲ್ಲೂ ಕನಿಷ್ಠ ಒಂದು ವರ್ಷ ಗಂಟೆಗಂಟೆಯ ನೀರಿನ ಮಟ್ಟ ಅಳೆಯಬೇಕು, ಸರಾಸರಿ ಸಮುದ್ರಮಟ್ಟ ನಿಗದಿಗೆ ಸಾಮಾನ್ಯವಾಗಿ 19 ವರ್ಷಗಳ ದಾಖಲೆ ಬಳಸುತ್ತಾರೆ.

ಆ 19 ವರ್ಷ ಯಾಕೆ ಎಂಬ ಪ್ರಶ್ನೆ ನಮ್ಮನ್ನು ಓರೆಯ ವಿಷಯಕ್ಕೆ ತರುತ್ತದೆ.

ಓರೆ ಬದಲಾದರೆ

ಚಂದ್ರನ ಕಕ್ಷೆ ಭೂಮಿಯ ಕಕ್ಷಾತಲವನ್ನು ದಾಟುವ ಎರಡು ಬಿಂದುಗಳೇ ರಾಹು ಮತ್ತು ಕೇತು. ಇವು 18.6 ವರ್ಷಕ್ಕೊಮ್ಮೆ ಹಿಮ್ಮುಖವಾಗಿ ಒಂದು ಸುತ್ತು ಬರುತ್ತವೆ. ಹೀಗಾಗಿ ಚಂದ್ರ ಭೂಮಧ್ಯರೇಖೆಯಿಂದ ಉತ್ತರಕ್ಕೂ ದಕ್ಷಿಣಕ್ಕೂ ಹೋಗುವ ಗರಿಷ್ಠ ಕೋನ ಒಮ್ಮೆ 18.3 ಡಿಗ್ರಿ ಇದ್ದರೆ ಸುಮಾರು ಒಂಬತ್ತು ವರ್ಷಗಳ ನಂತರ 28.6 ಡಿಗ್ರಿ ಇರುತ್ತದೆ. 2024–25ರಲ್ಲಿ ಅದು ಗರಿಷ್ಠದಲ್ಲಿತ್ತು. ಇಷ್ಟು ಸಣ್ಣ ತೂಗಾಟವೇ ಉಬ್ಬರದ ಎತ್ತರವನ್ನು ತಿದ್ದುತ್ತದೆ. 19 ವರ್ಷಗಳ ದಾಖಲೆ ಬಳಸುವುದು ಈ ಒಂದು ಪೂರ್ತಿ ಸುತ್ತನ್ನು ಹಿಡಿಯಲೆಂದೇ. ಏರುತ್ತಿರುವ ಸಮುದ್ರಮಟ್ಟದ ಜೊತೆ ಇದು ಸೇರಿಕೊಂಡು 2030ರ ದಶಕದ ನಡುವಿನಲ್ಲಿ ಅಮೆರಿಕದ ಕರಾವಳಿಯಲ್ಲಿ ಉಬ್ಬರದ ನೆರೆಗಳು ದಿಢೀರನೆ ಹೆಚ್ಚಲಿವೆ ಎಂದು ನಾಸಾ ಮತ್ತು ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಎಚ್ಚರಿಸಿದ್ದರು. ಆ ಸುದ್ದಿಯನ್ನೇ ಕೆಲವರು ‘ಚಂದ್ರನ ಕಕ್ಷೆ ಅಲುಗಾಡುತ್ತಿದೆ’ ಎಂದು ತಿರುಚಿದರು. ಕಕ್ಷೆಗೆ ಹೊಸದೇನೂ ಆಗಿಲ್ಲ, ಈ 18.6 ವರ್ಷದ ತೂಗಾಟ ಹದಿನೆಂಟನೇ ಶತಮಾನದಿಂದಲೂ ಗೊತ್ತಿರುವುದೇ.

ಓರೆ ಸೊನ್ನೆಯಾದರೆ ರಾಹು–ಕೇತುಗಳೇ ಇರುವುದಿಲ್ಲ. ಪ್ರತಿ ಅಮಾವಾಸ್ಯೆಗೂ ಸೂರ್ಯಗ್ರಹಣ, ಪ್ರತಿ ಹುಣ್ಣಿಮೆಗೂ ಪೂರ್ಣ ಚಂದ್ರಗ್ರಹಣ. ಆದರೆ ಸೂರ್ಯಗ್ರಹಣದ ನಡುನೆರಳು ಸದಾ ಭೂಕೇಂದ್ರದ ಕಡೆಗೇ ಗುರಿಯಿಟ್ಟು ಸಾಗುವುದರಿಂದ ಖಗ್ರಾಸವಾಗಲಿ ಕಂಕಣವಾಗಲಿ ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನವರಿಗೆ ಮಾತ್ರ ಕಾಣುತ್ತದೆ. ಅದರಾಚೆಯ ದೇಶಗಳಿಗೆ ಪಾರ್ಶ್ವಗ್ರಹಣವಷ್ಟೇ ಪಾಲು. ಓರೆ 10 ಡಿಗ್ರಿಯಾದರೆ ಇದಕ್ಕೆ ವಿರುದ್ಧ. ಈಗ ವರ್ಷಕ್ಕೆರಡು ಸಲ ಬರುವ ಗ್ರಹಣಕಾಲ (ಸೂರ್ಯ ರಾಹು ಇಲ್ಲವೇ ಕೇತುವಿನ ಹತ್ತಿರವಿದ್ದು ಗ್ರಹಣ ಆಗಬಹುದಾದ ದಿನಗಳು) ತಲಾ ಸುಮಾರು 35 ದಿನ ಇರುವುದರಿಂದ ಅದರೊಳಗೆ ಒಂದಾದರೂ ಅಮಾವಾಸ್ಯೆ ಬೀಳಲೇಬೇಕು. ಓರೆ ದುಪ್ಪಟ್ಟಾದರೆ ಆ ಅವಧಿ ಅರ್ಧಕ್ಕಿಳಿದು, ಸೂರ್ಯಗ್ರಹಣವೇ ಇಲ್ಲದ ವರ್ಷಗಳೂ ಬರುತ್ತವೆ. ಭೂಮಿಗೆ ಇದರಿಂದ ತೊಂದರೆಯೇನಿಲ್ಲ.

ತೊಂದರೆ ಶುರುವಾಗುವುದು 39 ಡಿಗ್ರಿ ದಾಟಿದ ಮೇಲೆ. 1961ರಲ್ಲಿ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಲಿಡೊವ್, ಮರುವರ್ಷ ಜಪಾನಿನ ಯೋಶಿಹಿದೆ ಕೊಜಾಯ್ ಬೇರೆ ಬೇರೆಯಾಗಿ ಕಂಡುಕೊಂಡ ಸಂಗತಿ ಇದು. ಒಂದು ಕಾಯವನ್ನು ಸುತ್ತುವ ಉಪಗ್ರಹದ ಕಕ್ಷೆ, ದೂರದ ಮೂರನೇ ಕಾಯದ ತಲಕ್ಕೆ ಸುಮಾರು 39.2 ಡಿಗ್ರಿಗಿಂತ ಹೆಚ್ಚು ಓರೆಯಾಗಿದ್ದರೆ, ಆ ಮೂರನೆಯದರ ಸೆಳೆತ ಕಕ್ಷೆಯ ಓರೆಯನ್ನು ಉತ್ಕೇಂದ್ರತೆಯಾಗಿ ಬದಲಿಸುತ್ತದೆ, ಮತ್ತೆ ವಾಪಸ್ ಓರೆಯಾಗಿಸುತ್ತದೆ. ಸರಾಸರಿ ದೂರ ಬದಲಾಗುವುದಿಲ್ಲ, ಕಕ್ಷೆ ಮಾತ್ರ ತೆಳ್ಳಗೆ ಉದ್ದವಾಗುತ್ತಾ ಹತ್ತಿರದ ತುದಿ ಭೂಮಿಯ ಕಡೆ ಸರಿಯುತ್ತದೆ. ಇಲ್ಲಿ ಮೂರನೆಯವನು ಸೂರ್ಯ.

ಸರಳ ಸೂತ್ರ ಹಾಕಿದರೆ, 45 ಡಿಗ್ರಿ ಓರೆಯಲ್ಲಿ ಶುರುವಾದ ವೃತ್ತಾಕಾರದ ಕಕ್ಷೆಯ ಉತ್ಕೇಂದ್ರತೆ 0.41ರವರೆಗೆ ಏರುತ್ತದೆ, ಚಂದ್ರ ಸುಮಾರು 2,27,000 ಕಿ.ಮೀ.ಗೆ ಬರುತ್ತಾನೆ. 60 ಡಿಗ್ರಿಯಲ್ಲಿ ಅದು 0.76, ಹತ್ತಿರದ ತುದಿ ಸುಮಾರು 90,000 ಕಿ.ಮೀ. ಆ ಹೊತ್ತಿನ ಉಬ್ಬರದ ಬಲ ಈಗಿನ ಸರಾಸರಿಯ ಎಪ್ಪತ್ತು ಪಟ್ಟಿಗೂ ಹೆಚ್ಚು, ತಿಂಗಳಿಗೊಮ್ಮೆ. 90 ಡಿಗ್ರಿಯಾದರೆ ತಡೆಯೇ ಇಲ್ಲ. ಚಂದ್ರನ ಕಕ್ಷೆಯನ್ನು ಈಗಿನ ದೂರದಲ್ಲೇ ಇಟ್ಟು ಲಂಬವಾಗಿ ತಿರುಗಿಸಿದರೆ ಅವನು ಸುಮಾರು ನಾಲ್ಕೇ ವರ್ಷಗಳಲ್ಲಿ ಭೂಮಿಗೆ ಬಡಿಯುತ್ತಾನೆ ಎಂದು ಲಿಡೊವ್ ಲೆಕ್ಕ ಹಾಕಿದ್ದರು. ಬಡಿಯುವ ಮೊದಲೇ ರೋಶ್ ಮಿತಿಯೊಳಗೆ ಹೊಕ್ಕು ಚೂರಾಗಲೂಬಹುದು, ನಮಗೆ ಎರಡೂ ಒಂದೇ. ದೂರ ಅರ್ಧವಾದರೂ ಬದುಕಬಹುದಾದ ಭೂಮಿ, ದೂರ ಒಂದು ಕಿಲೋಮೀಟರೂ ಬದಲಾಗದೆ ಕಕ್ಷೆ ನೆಟ್ಟಗೆ ನಿಂತರೆ ಉಳಿಯದು. ದೂರಕ್ಕಿಂತ ಓರೆಗೆ ಹೆದರಬೇಕು ಎಂದದ್ದು ಈ ಕಾರಣಕ್ಕೆ.

ದಿಕ್ಕು ತಿರುಗಿದರೆ ಏನು ಎಂಬುದಕ್ಕೆ ಚಿಕ್ಕ ಉತ್ತರ ಸಾಕು. ಚಂದ್ರ ಭೂಮಿಯ ತಿರುಗುವಿಕೆಗೆ ಎದುರಾಗಿ ಸುತ್ತಿದರೆ ಉಬ್ಬರದ ಎಳೆತ ಅವನನ್ನು ದೂರ ತಳ್ಳುವ ಬದಲು ಒಳಕ್ಕೆ ಎಳೆಯುತ್ತದೆ. ನೆಪ್ಚೂನಿನ ಟ್ರೈಟನ್‌ಗೆ ಆಗುತ್ತಿರುವುದು ಇದೇ. ಈಗಿನ ದೂರದಲ್ಲಿ ಅದು ಅತಿ ನಿಧಾನದ ಕೆಲಸ.

ನಿಜವಾಗಿ ಆಗುತ್ತಿರುವ ಬದಲಾವಣೆ

ಅಪೋಲೊ 11, 14, 15ರ ಯಾತ್ರಿಗಳು ಮತ್ತು ಸೋವಿಯತ್ತಿನ ಎರಡು ಲುನೊಖೊದ್ ಬಂಡಿಗಳು ಚಂದ್ರನ ಮೇಲೆ ಬಿಟ್ಟುಬಂದ ಪ್ರತಿಫಲಕಗಳಿಗೆ ಭೂಮಿಯಿಂದ ಲೇಸರ್ ಬಿಟ್ಟು, ಬೆಳಕು ಹೋಗಿಬರುವ ಎರಡೂವರೆ ಸೆಕೆಂಡನ್ನು ಅಳೆಯುತ್ತಾರೆ. ಚಂದ್ರ ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಿದ್ದಾನೆ ಎಂಬುದು ಹೀಗೆ ತಿಳಿದದ್ದು. ಭೂಮಿ ಚಂದ್ರನಿಗಿಂತ ವೇಗವಾಗಿ ತಿರುಗುವುದರಿಂದ ನೀರಿನ ಉಬ್ಬು ಚಂದ್ರನ ನೇರದಲ್ಲಿ ನಿಲ್ಲದೆ ತುಸು ಮುಂದೆ ಸಾಗಿರುತ್ತದೆ. ಆ ಉಬ್ಬು ಚಂದ್ರನನ್ನು ಮುಂದಕ್ಕೆ ಎಳೆಯುತ್ತದೆ, ಚಂದ್ರ ಉಬ್ಬನ್ನು ಹಿಂದಕ್ಕೆ ಎಳೆಯುತ್ತಾನೆ. ಭೂಮಿ ಕಳೆದುಕೊಂಡ ಕೋನೀಯ ಸಂವೇಗ (ತಿರುಗಾಟದ ಒಟ್ಟು ಪ್ರಮಾಣ) ಚಂದ್ರನ ಕಕ್ಷೆಗೆ ಸೇರುತ್ತದೆ. ಇದರಿಂದ ದಿನದ ಅವಧಿ ಶತಮಾನಕ್ಕೆ ಸುಮಾರು 2.3 ಮಿಲಿಸೆಕೆಂಡಿನಷ್ಟು ಹಿಗ್ಗಬೇಕು. ಬ್ಯಾಬಿಲೋನ್ ಮತ್ತು ಚೀನಾದ ಹಳೆಯ ಗ್ರಹಣ ದಾಖಲೆಗಳು ತೋರಿಸುವ ನಿಜವಾದ ಹಿಗ್ಗು 1.8 ಮಿಲಿಸೆಕೆಂಡಿನ ಆಸುಪಾಸು. ಹಿಮಯುಗದ ಮಂಜುಗಡ್ಡೆಯ ಭಾರ ಕರಗಿ ಧ್ರುವಗಳ ಕಡೆಯ ನೆಲ ಮೇಲೇಳುತ್ತಿರುವುದು ಭೂಮಿಯನ್ನು ತುಸು ವೇಗಗೊಳಿಸಿ ಉಳಿದ ವ್ಯತ್ಯಾಸವನ್ನು ಸರಿದೂಗಿಸುತ್ತದೆ.

ಈ 3.8 ಸೆಂ.ಮೀ.ಯನ್ನು ಹಿಂದಕ್ಕೆ ಎಳೆದು ಲೆಕ್ಕ ಹಾಕುವಾಗ ಎಚ್ಚರ ಬೇಕು. ಸಮುದ್ರದ ಪ್ರತಿಕ್ರಿಯೆ ಸದಾ ಈಗಿನಂತೆಯೇ ಇತ್ತು ಎಂದುಕೊಂಡು ಸೂತ್ರ ಹಾಕಿದರೆ ಸುಮಾರು 150 ಕೋಟಿ ವರ್ಷಗಳ ಹಿಂದೆ ಚಂದ್ರ ಭೂಮಿಗೆ ಅಂಟಿಕೊಂಡಿದ್ದ ಎಂದು ಬರುತ್ತದೆ. ಚಂದ್ರನ ಶಿಲೆಗಳ ವಯಸ್ಸು 450 ಕೋಟಿ ವರ್ಷದವರೆಗೂ ಹೋಗುತ್ತದೆ. ಈ ಎಡವಟ್ಟಿಗೆ ಕಾರಣ ಈಗಿನ ಖಂಡಗಳ ಜೋಡಣೆ. ಇಂದಿನ ಅಟ್ಲಾಂಟಿಕ್‌ನ ಅಗಲ ಉಬ್ಬರದ ಲಯಕ್ಕೆ ಕೂಡಿಬಂದಿರುವುದರಿಂದ ಶಕ್ತಿಯ ವ್ಯಯ ಅಸಹಜವಾಗಿ ಹೆಚ್ಚಿದೆ. ಹಳೆಯ ಪದರಶಿಲೆಗಳ ಸಾಕ್ಷ್ಯವೂ ಇದಕ್ಕೆ ಒಗ್ಗುತ್ತದೆ: ಆಸ್ಟ್ರೇಲಿಯಾದ ಉಬ್ಬರದ ಪದರಗಳ ಪ್ರಕಾರ 62 ಕೋಟಿ ವರ್ಷಗಳ ಹಿಂದೆ ದಿನಕ್ಕೆ 22 ಗಂಟೆ, 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ 140 ಕೋಟಿ ವರ್ಷಗಳ ಹಿಂದೆ ದಿನಕ್ಕೆ 18.7 ಗಂಟೆ, ಚಂದ್ರನ ದೂರ ಸುಮಾರು 3,41,000 ಕಿ.ಮೀ.

ಮುಂದಿನ ದಿನಗಳಲ್ಲಿ ಮೊದಲು ಕಣ್ಣಿಗೆ ಬೀಳುವ ಪರಿಣಾಮ ಗ್ರಹಣದ್ದು. ಹತ್ತಿರದ ತುದಿ ಸುಮಾರು 23,000 ಕಿ.ಮೀ. ದೂರ ಸರಿದರೆ ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚಲಾರ, ಎಲ್ಲವೂ ಕಂಕಣ ಗ್ರಹಣವೇ. ಈಗಿನ ವೇಗದಲ್ಲಿ ಅದಕ್ಕೆ 60 ಕೋಟಿ ವರ್ಷ ಬೇಕು. ಭೂಮಿಯ ದಿನವೂ ಚಂದ್ರನ ಸುತ್ತೂ ಸಮವಾಗಿ, ಎರಡೂ ಈಗಿನ 47 ದಿನದಷ್ಟಾಗುವ ಹಂತವೊಂದು ಲೆಕ್ಕದಲ್ಲಿದೆ. ಅದಕ್ಕೆ ಸುಮಾರು 5,000 ಕೋಟಿ ವರ್ಷ ಬೇಕು, ಸೂರ್ಯ ಉಬ್ಬಿ ಕೆಂಪು ದೈತ್ಯನಾಗುವುದು ಅದಕ್ಕಿಂತ ಬಹಳ ಮೊದಲು.

ಭೂಕಂಪದ ಬಗ್ಗೆ ನೀವು ಕೇಳಿಲ್ಲ, ಆದರೂ ಇಂಥ ವಿಡಿಯೊಗಳಲ್ಲಿ ಅದು ತಪ್ಪದೆ ಬರುವುದರಿಂದ ಹೇಳುತ್ತೇನೆ. ಗಟ್ಟಿ ನೆಲವೂ ದಿನಕ್ಕೆರಡು ಸಲ ಮೂವತ್ತು ಸೆಂ.ಮೀ.ಗಳಷ್ಟು ಉಬ್ಬಿ ತಗ್ಗುತ್ತದೆ. ಇದು ಬಂಡೆಯಲ್ಲಿ ಹುಟ್ಟಿಸುವ ಒತ್ತಡ ಕೆಲವು ಕಿಲೋಪ್ಯಾಸ್ಕಲ್, ದೊಡ್ಡ ಕಂಪದಲ್ಲಿ ಬಿಡುಗಡೆಯಾಗುವುದು ಅದರ ಸಾವಿರ ಪಟ್ಟಿನ ಅಳತೆಯಾದ ಮೆಗಾಪ್ಯಾಸ್ಕಲ್‌ಗಳಲ್ಲಿ. ಒಡೆಯಲು ಸಿದ್ಧವಾಗಿರುವ ಬಿರುಕಿಗೆ ಇದು ಕೊನೆಯ ತಳ್ಳು ಆಗಬಹುದು, ಅಷ್ಟೇ. ಚಂದ್ರ ಅರ್ಧ ದೂರಕ್ಕೆ ಬಂದರೆ ಈ ತಳ್ಳು ಎಂಟು ಪಟ್ಟಾಗಿ, ಕಂಪಗಳು ಉಬ್ಬರದ ಹೊತ್ತಿಗೆ ಹೆಚ್ಚು ಹೊಂದಿಕೊಳ್ಳಬಹುದು. ಬಿರುಕುಗಳಲ್ಲಿ ಒತ್ತಡ ತುಂಬುವುದು ಭೂಫಲಕಗಳ ಚಲನೆಯಿಂದಲೇ ಆಗಿರುವುದರಿಂದ ಒಟ್ಟು ಕಂಪಗಳ ಲೆಕ್ಕ ಅದೇ ಪ್ರಮಾಣದಲ್ಲಿ ಏರದು.

ಇಷ್ಟೆಲ್ಲ ಮಾಡಬಲ್ಲ ಶಕ್ತಿ ಎಲ್ಲಿಂದ ಬರಬೇಕು? ಚಂದ್ರನನ್ನು ಭೂಮಿಯಿಂದ ಪೂರ್ತಿ ಬಿಡಿಸಲು ಬೇಕಾಗುವುದು ಸುಮಾರು 38ರ ಮುಂದೆ 27 ಸೊನ್ನೆ ಹಾಕಿದಷ್ಟು ಜೂಲ್. ಇಡೀ ಮನುಕುಲ ಈಗ ಬಳಸುವ ಶಕ್ತಿಯನ್ನೆಲ್ಲ ಒಟ್ಟುಮಾಡಿದರೂ ಆರು ಕೋಟಿ ವರ್ಷಗಳ ಬಳಕೆಯಷ್ಟು ಇದು. ದೂರ ದುಪ್ಪಟ್ಟು ಮಾಡಲು ಅದರ ಅರ್ಧ. ಡೈನೋಸಾರ್‌ಗಳನ್ನು ಅಳಿಸಿದಂಥ 10 ಕಿ.ಮೀ. ಅಗಲದ ಕ್ಷುದ್ರಗ್ರಹ ಸೆಕೆಂಡಿಗೆ 20 ಕಿ.ಮೀ. ವೇಗದಲ್ಲಿ ಚಂದ್ರನಿಗೆ ಬಡಿದರೆ, ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ಓಡುತ್ತಿರುವ ಚಂದ್ರನ ವೇಗದಲ್ಲಿ ಆಗುವ ವ್ಯತ್ಯಾಸ ಸೆಕೆಂಡಿಗೆ ಅರ್ಧ ಮಿಲಿಮೀಟರಿಗೂ ಕಡಿಮೆ. ಕಕ್ಷೆಯ ಸರಾಸರಿ ದೂರ ಹೆಚ್ಚೆಂದರೆ ಮುನ್ನೂರು ಮೀಟರ್ ಆಸುಪಾಸು ಬದಲಾಗುತ್ತದೆ, ಉಬ್ಬರದ ಬಲ ಹತ್ತು ಲಕ್ಷದಲ್ಲಿ ಎರಡು–ಮೂರು ಪಾಲಿನಷ್ಟು. ಲೇಸರ್ ಅಳತೆ ಇದನ್ನು ಕೂಡಲೇ ಹಿಡಿಯುತ್ತದೆ, ಉಬ್ಬರದ ಪಟ್ಟಿಗಳಲ್ಲಿ ಒಂದಂಕಿಯೂ ಬದಲಾಗದು. ಅಂಥ ಹೊಡೆತದಲ್ಲಿ ಭೂಮಿ ನಿಜಕ್ಕೂ ಚಿಂತಿಸಬೇಕಾದದ್ದು ಚಂದ್ರನ ಮೇಲ್ಮೈಯಿಂದ ಚಿಮ್ಮಿ ಇತ್ತ ಬರುವ ಕಲ್ಲುಗಳ ಬಗ್ಗೆ, ಮತ್ತು ಅವುಗಳ ದಾರಿಯಲ್ಲಿ ಸಿಗುವ ನಮ್ಮ ಕೃತಕ ಉಪಗ್ರಹಗಳ ಬಗ್ಗೆ.